ಇವತ್ತು ಏನು ಪ್ಲ್ಯಾನ್?

ರಜೆಯಲ್ಲಿ ಕೇಳಬಾರದ ಪ್ರಶ್ನೆ ಒಂದಿದೆ. ಭಾವ ಅದನ್ನು ತಿಂಡಿ ಮುಗಿಯುವ ಮೊದಲೇ ಕೇಳಿದರು. “ಇವತ್ತು ಏನಪ್ಪಾ ಪ್ಲ್ಯಾನ್?”

“ಏನೂ ಇಲ್ಲ ಭಾವ. ಇವತ್ತು ಖಾಲಿ ಅಲ್ವಾ?”

“ಖಾಲಿ ಅಂದ್ರೆ ಸುಮ್ನೆ ಕೂರೋದಾ? ಇಷ್ಟು ದೂರ ವಿಮಾನ ಹತ್ತಿ ಬಂದಿರೋದು ಕೂರೋಕಾ?”

ಹೌದು, ಕೂರೋಕೇ. ಮನೆಯಲ್ಲಿ ಕೂತರೆ ಯಾರಾದರೂ ಏಳಿಸುತ್ತಾರೆ ಅಂತಲೇ ಸಮುದ್ರ ದಾಟಿ ಈ ದ್ವೀಪಕ್ಕೆ ಬಂದಿದ್ದು. ಆದರೆ ಅಕ್ಕನ ಗಂಡನ ಹತ್ತಿರ ಇಂಥದ್ದನ್ನೆಲ್ಲ ಬಾಯಿಬಿಟ್ಟು ಹೇಳಲಾಗುವುದಿಲ್ಲ. ನಾನು ಕಾಫಿ ಮುಗಿಸುವಷ್ಟರಲ್ಲಿ ನಮ್ಮ ಖಾಲಿ ದಿನ ಭರ್ತಿಯಾಗಿತ್ತು. ಬೆಳಗ್ಗೆ ಮಾರ್ಕೆಟ್, ಮಧ್ಯಾಹ್ನ ಬೀಚು, ರಾತ್ರಿ ಒಳ್ಳೆ ಕಡೆ ಊಟ. “ಎಲ್ಲಾ ಆರಾಮಾಗಿ,” ಅಂದರು ಭಾವ. “ಎಂಟೂವರೆಗೆ ಸರಿಯಾಗಿ ಹೊರಡೋಣ.”

ಆರಾಮಾಗಿ ಅನ್ನುವವರು ಎಂಟೂವರೆ ಅನ್ನಬಾರದು. ರಜೆಗೆ ಹೋದವರು ಆಫೀಸಿಗಿಂತ ಜಾಸ್ತಿ ದುಡಿಯುವುದು ಯಾಕೆ ಅನ್ನುವುದಕ್ಕೆ ನನ್ನದೇ ಒಂದು ಸಿದ್ಧಾಂತ ಇದೆ. ಹೇಳುತ್ತೇನೆ, ಮೊದಲು ಮಾರ್ಕೆಟ್ ಮುಗಿಸಿಬಿಡೋಣ.

ಪ್ರವಾಸಿಗರ ಮಾರ್ಕೆಟ್ ಯಾವ ದ್ವೀಪದಲ್ಲಾದರೂ ಒಂದೇ. ಹುಲ್ಲಿನ ಟೋಪಿ, ಚಿಪ್ಪಿನ ಸರ, ತೆಂಗಿನ ಕರಟದಲ್ಲಿ ಮಾಡಿದ ಕೋತಿ. ಕರಟದ ಕೋತಿ ಯಾರಿಗೆ ಬೇಕು? ಭಾವನಿಗೂ ಬೇಡವಾಗಿತ್ತು. ಆದರೂ ಬಹಳ ಹೊತ್ತು ಚೌಕಾಸಿ ಮಾಡಿ ಗೆದ್ದರು, ಗೆದ್ದ ತಪ್ಪಿಗೆ ಕೊಂಡರು. ಏಸಿ ಅಂಗಡಿಯಲ್ಲಿ ಚೀಟಿಯಲ್ಲಿ ಬರೆದಷ್ಟು ದುಡ್ಡು ಎಣಿಸಿ, ಮೇಲೆ ಥ್ಯಾಂಕ್ಸ್ ಬೇರೆ ಹೇಳಿ ಬರುವ ಜನ ನಾವು. ನೆಲದ ಮೇಲೆ ಕೂತ ಮುದುಕಿಯ ಹತ್ತಿರ ಮಾತ್ರ ನಮಗೆ ಅರ್ಥಶಾಸ್ತ್ರ ನೆನಪಾಗುತ್ತದೆ.

ನನಗೆ ಅಲ್ಲಿ ಇಷ್ಟವಾಗಿದ್ದು ಅನಾನಸ್ ಹೆಚ್ಚುತ್ತಿದ್ದ ಹುಡುಗ. ಸಿಪ್ಪೆಯನ್ನು ತೀರಾ ತೆಳ್ಳಗೆ ಕೆತ್ತಿದ. ಕಂದು ಕಣ್ಣುಗಳೆಲ್ಲ ಹಾಗೇ ಉಳಿದವು. ಒಂದೊಂದನ್ನೇ ಕೀಳುತ್ತಾನೇನೋ ಅಂತ ನೋಡಿದರೆ, ಇಲ್ಲ. ಅನಾನಸಿನ ಕಣ್ಣುಗಳು ಓರೆಯಾಗಿ, ಸುತ್ತಿಕೊಂಡು, ಸಾಲಾಗಿರುತ್ತವೆ. ಆ ಸಾಲಿನ ಈಚೆಗೊಂದು ಗೀರು, ಆಚೆಗೊಂದು ಗೀರು. ಸಾಲಿಗೆ ಸಾಲೇ ಕಿತ್ತುಬಂತು. ಹಣ್ಣನ್ನು ಚೂರು ತಿರುಗಿಸಿದ, ಇನ್ನೊಂದು ಸಾಲು. ಕೊನೆಗೆ ಹಣ್ಣಿನ ಮೈತುಂಬ ಓರೆ ಕಾಲುವೆಗಳು, ಹಾಳಾದ ತಿರುಳು ಬಲು ಕಡಿಮೆ. ಎರಡನೇ ಹಣ್ಣು ನೋಡೋಣ ಅಂತಿದ್ದೆ, ಅಷ್ಟರಲ್ಲಿ ಭಾವ ಗಡಿಯಾರ ತೋರಿಸಿದರು. ಅಂದ ಹಾಗೆ ಅಂಗಡಿಯ ಬೋರ್ಡಿನಲ್ಲಿ ‘ಲೋಕಲ್ ಫ್ರೂಟ್ಸ್’ ಅಂತ ಇತ್ತು. ಅನಾನಸ್ಸಿನ ಮೂಲ ದಕ್ಷಿಣ ಅಮೆರಿಕ, ಪಪ್ಪಾಯಿಯದು ಮಧ್ಯ ಅಮೆರಿಕ. ಪಕ್ಕದಲ್ಲಿದ್ದ ಮಾವು ನಮ್ಮ ಕಡೆಯಿಂದ ಹೋದದ್ದು. ಇರಲಿ.

ಬೀಚಿಗೆ ಬಂದ ತಕ್ಷಣ ಎಲ್ಲರಿಗೂ ಸನ್‌ಸ್ಕ್ರೀನ್ ಹಂಚಿಕೆ. ಹವಳಕ್ಕೆ ಕೇಡು ಅಂತ ಹವಾಯಿಯಲ್ಲಿ 2021ರಿಂದ ಎರಡು ರಾಸಾಯನಿಕಗಳಿರುವ ಸನ್‌ಸ್ಕ್ರೀನ್ ಮಾರುವ ಹಾಗಿಲ್ಲ ಅಂದೆ. “ಇದು ಹವಾಯಿ ಅಲ್ಲ, ಹಚ್ಕೋ,” ಅಂದರು.

ನಮ್ಮ ಪಕ್ಕದಲ್ಲೊಂದು ಹೊಸ ಜೋಡಿ. ಹಾಲುಬಿಳುಪಿನ ಮರಳನ್ನು ಬೊಗಸೆಯಲ್ಲಿ ಎತ್ತಿ ಒಬ್ಬರ ಕೆನ್ನೆಗೆ ಒಬ್ಬರು ಹಚ್ಚಿ ಫೋಟೊ ತೆಗೆದುಕೊಳ್ಳುತ್ತಿದ್ದರು. “ಎಷ್ಟು ಪ್ಯೂರ್ ಅಲ್ವಾ?” ಅಂತ ಹುಡುಗಿ ಹೇಳಿದ್ದು ಕೇಳಿಸಿತು. ನಾನು ಬಾಯಿ ಮುಚ್ಚಿಕೊಂಡಿದ್ದೆ. ನನಗೆ ಪ್ಯಾರಟ್‌ಫಿಶ್ ಗೊತ್ತು.

ಸಿದ್ಧಾಂತ ಚೂರು ಕಾಯಲಿ. ಈ ಮೀನಿನ ವಿಷಯ ಹೇಳದೆ ಮುಂದೆ ಹೋಗಲು ನನಗೆ ಆಗುವುದಿಲ್ಲ.

ಮೈ ಹಸಿರು, ನೀಲಿ. ಬಾಯಿ ಥೇಟ್ ಗಿಳಿಯ ಕೊಕ್ಕು. ಅದು ಒಂದಕ್ಕೊಂದು ಅಂಟಿಕೊಂಡ ಹಲ್ಲುಗಳ ಗೋಡೆ. ಒಂದು ಜಾತಿಯಲ್ಲಿ ಸುಮಾರು 1,000 ಹಲ್ಲು ಎಣಿಸಿದ್ದಾರೆ. ಹವಳದ ಮೇಲೆ, ಒಳಗೆ ಬೆಳೆದ ಪಾಚಿ ಮತ್ತು ಸಣ್ಣ ಜೀವಿಗಳು ಅದರ ಊಟ. ಕೆರೆಯುವಾಗ ಹವಳದ ಕಲ್ಲೂ ಜೊತೆಗೆ ಬಾಯಿಗೆ ಬರುತ್ತದೆ. ಚಿಂತೆಯಿಲ್ಲ, ಗಂಟಲಲ್ಲಿ ಇನ್ನೊಂದು ಜೊತೆ ಹಲ್ಲಿದೆ, ಅಲ್ಲಿ ಎಲ್ಲಾ ನುಣ್ಣಗೆ ಅರೆಯುತ್ತದೆ. ಜಠರ ಅನ್ನುವುದೇ ಇಲ್ಲ, ಅರೆದದ್ದು ನೇರ ಕರುಳಿಗೆ. ಪಾಚಿ ಮೈಗೆ ಹತ್ತುತ್ತದೆ. ಕಲ್ಲಿನ ಪುಡಿ ಹಿಂದಿನಿಂದ ಹೊರಗೆ. ಅದೇ ಆ ಬಿಳಿ ಮರಳು.

ತಲೆಯ ಮೇಲೆ ದೊಡ್ಡ ಗುಬುಟು ಇರುವ ಜಾತಿಯೊಂದಿದೆ. ಅದರ ಒಂದೇ ಮೀನು ವರ್ಷಕ್ಕೆ 5 ಟನ್‌ಗಿಂತ ಜಾಸ್ತಿ ಹವಳದ ಕಲ್ಲು ನುಂಗುತ್ತದೆ. ಮಾಲ್ಡೀವ್ಸ್‌ನ ವಕ್ಕರು ದ್ವೀಪದ ಸುತ್ತ ಕೂತು ಲೆಕ್ಕ ಹಾಕಿದವರು 2015ರಲ್ಲಿ ಪ್ರಕಟಿಸಿದ್ದು ಇದು: ಅಲ್ಲಿ ಹೊಸದಾಗಿ ಹುಟ್ಟುವ ಮರಳಿನಲ್ಲಿ ಶೇಕಡಾ 85ಕ್ಕೂ ಜಾಸ್ತಿ ಈ ಮೀನುಗಳ ಕೊಡುಗೆ. ಎಲ್ಲ ಬೀಚಿಗೂ ಇದೇ ಲೆಕ್ಕ ಅಲ್ಲ, ಚಿಪ್ಪು, ಕಲ್ಲುಪಾಚಿ ಎಲ್ಲಾ ಸೇರಿರುತ್ತವೆ. ಆದರೂ ಜಾಹೀರಾತಿನಲ್ಲಿ ‘ನಿಸರ್ಗದ ಮಡಿಲು’ ಅಂತ ಬರೆಯುವವರು ಮಡಿಲಿಗೆ ಇನ್ನೂ ಸ್ವಲ್ಪ ಕೆಳಗೆ ನೋಡಬೇಕಿತ್ತು.

ಇಷ್ಟು ದುಡಿದ ಮೀನು ರಾತ್ರಿ ಏನು ಮಾಡುತ್ತದೆ? ಇದು ನನಗೆ ಬಹಳ ಇಷ್ಟದ ಭಾಗ. ಕೆಲವು ಜಾತಿಯವು ಬಾಯಿಯಿಂದ ಲೋಳೆ ಬಿಟ್ಟು ಮೈಸುತ್ತ ಒಂದು ಚೀಲ ಕಟ್ಟಿಕೊಂಡು, ಅದರೊಳಗೆ ಮಲಗುತ್ತವೆ. ಯಾಕೆ ಅಂತ ಆಸ್ಟ್ರೇಲಿಯಾದ ಸಂಶೋಧಕರು ಚೀಲ ಬಿಚ್ಚಿ ನೋಡಿದರು. ಬಿಚ್ಚಿದ ಮೀನುಗಳಿಗೆ ರಾತ್ರಿಯ ರಕ್ತ ಹೀರುವ ಸಣ್ಣ ಹುಳಗಳು ಮುತ್ತಿದವು. ಚೀಲ ಇದ್ದವು ಹೆಚ್ಚು ಕಡಿಮೆ ಪಾರು. ಅಂದರೆ ಅದು ಸೊಳ್ಳೆಪರದೆ, ದಿನಾ ರಾತ್ರಿ ಹೊಸದು. ಆ ಪರದೆಯೊಳಗೆ ಯಾರೂ ತಲೆ ಹಾಕಿ “ನಾಳೆ ಏನು ಪ್ಲ್ಯಾನ್?” ಅಂತ ಕೇಳುವುದಿಲ್ಲ. ನಮ್ಮ ದ್ವೀಪದಲ್ಲಿ ಅವತ್ತು ನಿಜವಾಗಿ ಆರಾಮಾಗಿದ್ದದ್ದು ಅದೊಂದೇ ಅಂತ ನನ್ನ ಗುಮಾನಿ.

ಇದನ್ನೆಲ್ಲ ಅಕ್ಕನ ಮಗಳಿಗೆ ಹೇಳಿದೆ. ಅವಳು ಕುತ್ತಿಗೆವರೆಗೆ ಮರಳಲ್ಲಿ ಹೂತುಕೊಂಡಿದ್ದಳು. ಕಿರುಚಿಕೊಂಡು ಎದ್ದು ಸಮುದ್ರಕ್ಕೆ ಓಡಿದಳು. “ಮಗು ಖುಷಿಯಾಗಿತ್ತಲ್ಲೋ,” ಅಂತ ಅಕ್ಕ ನನ್ನನ್ನೇ ಬೈದಳು. ಜ್ಞಾನ ಹಂಚಿದವರಿಗೆ ಮನೆಯಲ್ಲಿ ಬೆಲೆಯಿಲ್ಲ, ಬೀಚಿನಲ್ಲಂತೂ ಇಲ್ಲವೇ ಇಲ್ಲ.

ರಾತ್ರಿ ಊಟ. ದಡದುದ್ದಕ್ಕೂ ಹೋಟೆಲುಗಳಿದ್ದವು. ಎಲ್ಲದರಿಂದಲೂ ಸುಡುವ ಬೆಳ್ಳುಳ್ಳಿಯ ವಾಸನೆ. ಹಸಿದವನು ಮೊದಲು ಸಿಕ್ಕಿದ್ದರಲ್ಲಿ ಕೂರುತ್ತಾನೆ. ಭಾವ ಫೋನಿನಲ್ಲಿ ಸ್ಟಾರ್ ಎಣಿಸಿದರು. ಇದಕ್ಕೆ ನಾಲ್ಕು, ಅದಕ್ಕೆ ನಾಲ್ಕೂವರೆ. ನಾಲ್ಕೂವರೆಯದರಲ್ಲಿ ಜಾಗ ಇಲ್ಲ. ಇನ್ನೊಂದರಲ್ಲಿ ಯಾರೋ ‘ಸರ್ವಿಸ್ ನಿಧಾನ’ ಅಂತ ಬರೆದಿದ್ದರು. ಆ ಪುಣ್ಯಾತ್ಮ ನಿಧಾನಕ್ಕೆ ಅಂತಲೇ ತಾನೆ ರಜೆಗೆ ಬಂದಿದ್ದು? ನಡೆದೂ ನಡೆದೂ ಕೊನೆಗೆ ನಾವು ಉಳಿದುಕೊಂಡಿದ್ದ ಕಡೆಗೇ ವಾಪಸ್. ಅಡುಗೆಮನೆ ಮುಚ್ಚುವ ಹೊತ್ತಾಗಿತ್ತು.

“ಬೇಗ ಯಾವುದಾಗುತ್ತೆ?” ಅಂತ ಕೇಳಿದೆ.

“ಮೀನು ಸರ್.”

“ಪ್ಯಾರಟ್‌ಫಿಶ್ ಅಲ್ಲ ತಾನೆ? ಬೆಲೀಜ್ ದೇಶದಲ್ಲಿ 2009ರಿಂದ ಅದನ್ನು ಹಿಡಿಯೋ ಹಾಗೇ ಇಲ್ಲ.”

ಹುಡುಗ ಪಾಪ ಒಳ್ಳೆಯವನು. ಅದೇನು ಸರ್, ಅಂತ ಕೇಳಿಬಿಟ್ಟ. ಭಾವ ತಲೆ ಹಿಡಿದುಕೊಂಡರು. ನಾನು ಹಲ್ಲಿನಿಂದ ಶುರುಮಾಡಿದೆ. ಕರುಳಿಗೆ ಬರುವಷ್ಟರಲ್ಲಿ ಅವನು ಪಕ್ಕದ ಮೇಜಿನ ಬಿಲ್ಲು ತರುವ ನೆಪದಲ್ಲಿ ಮಾಯವಾಗಿದ್ದ.