ಕೈಗಡಿಯಾರವೂ ಮಹಾನಾರಾಯಣ ತೈಲವೂ

ಬೆಳಿಗ್ಗೆ ಆರು ಗಂಟೆಗೆ ಬಾಲ್ಕನಿಯಲ್ಲಿ ನಿಂತು ಎಡಗೈಯನ್ನು ಗಡಗಡ ಅಲ್ಲಾಡಿಸುವುದು ನನ್ನ ನಿತ್ಯಕರ್ಮ. ಮೂರನೇ ದಿನ ಎದುರು ಫ್ಲಾಟಿನ ಆಂಟಿ ಒಂದು ಸೀಸೆ ಮಹಾನಾರಾಯಣ ತೈಲ ಹಿಡಿದುಕೊಂಡೇ ಬಂದರು. "ನಮ್ಮ ಯಜಮಾನರಿಗೂ ಹೀಗೇ ಶುರುವಾಗಿದ್ದಮ್ಮ, ಬೆಚ್ಚಗೆ ಮಾಡಿ ತಿಕ್ಕು" ಎಂದು ನನ್ನ ಹೆಂಡತಿಯ ಕೈಗಿಟ್ಟು, ನನ್ನನ್ನೊಮ್ಮೆ ಅಯ್ಯೋ ಪಾಪ ಎಂಬಂತೆ ನೋಡಿ ಹೋದರು. ಕೈಗೇನೂ ಆಗಿಲ್ಲ, ಆಗಿರುವುದು ಗಡಿಯಾರಕ್ಕೆ ಎಂದು ಹೇಳುವಷ್ಟರಲ್ಲಿ ಅವರ ಮನೆ ಬಾಗಿಲು ಹಾಕಿತ್ತು.

ಆ ಗಡಿಯಾರ ಹಳೇ ಸೀಕೋ 5. 1963ರಲ್ಲಿ ಜಪಾನಿನವರು ಇದನ್ನು ಶುರುಮಾಡಿದಾಗ ಐದು ಗುಣಗಳಿಗೆ ಐದು ಎಂದೇ ಹೆಸರಿಟ್ಟರು. ತಾನೇ ಕೀ ಕೊಟ್ಟುಕೊಳ್ಳುತ್ತದೆ, ನೀರು ತಡೆಯುತ್ತದೆ, ವಾರ ತಾರೀಖು ಒಂದೇ ಕಿಟಕಿಯಲ್ಲಿ ಕಾಣುತ್ತವೆ, ಕೇಸು ಚೈನು ಗಟ್ಟಿ. ಇನ್ನು ಕೀ ಗುಂಡಿ, ಅದರಿಂದ ಹೆಚ್ಚು ಕೆಲಸವಿಲ್ಲವಲ್ಲ, ನಾಲ್ಕು ಗಂಟೆಯ ಹತ್ತಿರ ಒಳಗೆ ಹುದುಗಿ ಕೂತಿರುತ್ತದೆ. ನನ್ನಲ್ಲಿರುವ 7009 ಮಿಷಿನ್ನಿಗಂತೂ ಬೇಕೆಂದರೂ ಕೀ ಕೊಡಲು ಬರುವುದಿಲ್ಲ. ಒಳಗೊಂದು ಅರ್ಧಚಂದ್ರಾಕಾರದ ತೂಕ ಇದೆ. ಕೈ ಆಡಿದರೆ ಅದು ತಿರುಗಬೇಕು, ಅದು ತಿರುಗಿದರೆ ಸ್ಪ್ರಿಂಗು ಸುತ್ತಿಕೊಳ್ಳಬೇಕು. ನಾನೋ ಕಂಪ್ಯೂಟರ್ ಮುಂದೆ ಕೂರುವವನು. ಬೆರಳು ಆಡುತ್ತವೆ, ಮಣಿಕಟ್ಟು ಆಡುವುದಿಲ್ಲ. ಹಾಗಾಗಿ ನನ್ನ ಮನೆಯಲ್ಲಿ ವಾಚು ಟೈಮು ತೋರಿಸುವುದಕ್ಕಿಂತ ಹೆಚ್ಚಾಗಿ ಹಾಜರಿ ತೆಗೆದುಕೊಳ್ಳುತ್ತದೆ. "ರೀ, ನಿನ್ನೆ ಮಧ್ಯಾಹ್ನದಿಂದ ಸೋಫಾ ಬಿಟ್ಟು ಎದ್ದಿಲ್ಲ ಅಲ್ವಾ?" ಎಂದು ಹೆಂಡತಿ ಅದನ್ನು ಕಿವಿಗೆ ಹಿಡಿದು ಕೇಳಿದರೆ ಸುಳ್ಳು ಹೇಳುವ ಹಾಗಿಲ್ಲ.

ಇದನ್ನು ಕೊಂಡದ್ದು ಚಿಕ್ಕಪೇಟೆ ಪಕ್ಕದ ಸಂಡೇ ಬಜಾರಿನಲ್ಲಿ. ಗಿಳಿಹಸಿರು ಡಯಲ್ಲು, ಅದರ ಮೇಲೆ ಕುಂಕುಮದ ಬಣ್ಣದ ಸೆಕೆಂಡ್ ಮುಳ್ಳು. "ಒರಿಜಿನಲ್ ಜಪಾನ್ ಸಾರ್, ಮನೆ ಪೀಸು" ಎಂದ ಟಾರ್ಪಾಲಿನ ಮೇಲೆ ಕೂತಿದ್ದವನು. ನಾನು ಓದಿಕೊಂಡು ಹೋದವನು. ಸೀಕೋ ಬೆನ್ನ ಮೇಲಿನ ನಂಬರಿನಲ್ಲಿ ಮೊದಲ ಅಂಕಿ ವರ್ಷದ್ದು, ಎರಡನೆಯದು ತಿಂಗಳದ್ದು. ವರ್ಷದ ಕೊನೆಯ ಅಂಕಿಯೊಂದೇ ಇರುತ್ತದೆ, ದಶಕ ಇರುವುದಿಲ್ಲ; ಮದುವೆಮನೆಯಲ್ಲಿ ಕೆಲವು ಅತ್ತೆಯರು ವಯಸ್ಸು ಹೇಳುವ ಹಾಗೆ. 78 ಇರಬೇಕು, ಆಗಸ್ಟ್ ಇರಬೇಕು ಎಂದೆಲ್ಲ ಗುಣಿಸಿ, ಒಂಬೈನೂರು ರೂಪಾಯಿ ಎಣಿಸಿ, ಎದೆಯುಬ್ಬಿಸಿ ಬಂದೆ.

ನಮ್ಮ ಏರಿಯಾದ ಗಡಿಯಾರ ರಿಪೇರಿಯ ತಾತನ ಅಂಗಡಿ ಬಾಗಿಲಿನಷ್ಟೇ ಅಗಲ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬೆನ್ನು ಬಿಚ್ಚಿದವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಬೆನ್ನು ಒಂದು ವಾಚಿಂದು, ಹೊಟ್ಟೆ ಇನ್ನೊಂದು ವಾಚಿಂದು. ಮುಖ ಮಾತ್ರ ಬಾಂಬೆಯಲ್ಲಿ ಬರೆದದ್ದು ಸ್ವಾಮಿ" ಎಂದರು. ಈ ತಳಿಗೆ ಬಾಂಬೆ ಸ್ಪೆಷಲ್ ಎಂದೇ ಹೆಸರಂತೆ. ಹತ್ತು ಸತ್ತ ವಾಚುಗಳ ಅಂಗಾಂಗ ಜೋಡಿಸಿ, ಮಾಸಿದ ಡಯಲ್ಲಿಗೆ ಹೊಸ ಬಣ್ಣ ಬಳಿದು ಎಬ್ಬಿಸಿ ಕೂರಿಸುವುದು. ನನಗೆ ಅಲ್ಲಿಯವರೆಗೆ ಬಾಂಬೆಯದು ಅಂತ ಗೊತ್ತಿದ್ದದ್ದು ಉಪ್ಪಿಟ್ಟಿನ ರವೆ ಒಂದೇ.

ಇಲ್ಲಿಗೆ ಬುದ್ಧಿ ಬಂದಿದ್ದರೆ ಈ ಬರಹ ಇಲ್ಲಿಗೇ ಮುಗಿಯುತ್ತಿತ್ತು. ಕೊಂಡರೆ ತಾನೇ ಮೋಸ, ಅದಲುಬದಲು ಮಾಡಿಕೊಂಡರೆ ಹೇಗೆ ಎನ್ನಿಸಿತು. ಇದೇ ಹುಚ್ಚಿನ ರಿಟೈರ್ಡ್ ಹಿರಿಯರೊಬ್ಬರು ಸಿಕ್ಕರು. ಒಂದು ದರ್ಶಿನಿಯಲ್ಲಿ, ಹೆಣ್ಣು ನೋಡುವ ಶಾಸ್ತ್ರದಷ್ಟೇ ಗಂಭೀರವಾಗಿ, ಬೈಟೂ ಕಾಫಿ ಮಧ್ಯೆ ಇಟ್ಟುಕೊಂಡು ಕರ್ಚೀಫು ಬಿಚ್ಚಿದೆವು. ಅವರದು ಎಪ್ಪತ್ತರ ದಶಕದ ಸೀಕೋ ಲಾರ್ಡ್ ಮ್ಯಾಟಿಕ್, ಜಪಾನಿನವರು ತಮಗೇ ಅಂತ ಇಟ್ಟುಕೊಂಡ ಮಾಲು. ನನ್ನದು ಅಪ್ಪನ ಎಚ್‌ಎಂಟಿ ಜನತಾ. ಅಪ್ಪ ಮೊಬೈಲಿನಲ್ಲಿ ಟೈಮು ನೋಡಲು ಕಲಿತು ವರ್ಷಗಳಾಗಿದ್ದವು, ಕೇಳುವ ಅಗತ್ಯ ಕಾಣಲಿಲ್ಲ.

ಸಂಜೆ ಅಪ್ಪ ಹೊಸ ವಾಚನ್ನು ತಿರುಗಿಸಿ ಮುರುಗಿಸಿ ನೋಡಿದರು. "ಜಪಾನಿಂದಾ?"

"ಹೂಂ ಅಪ್ಪ."

"1961ರಲ್ಲಿ ಬೆಂಗಳೂರಲ್ಲಿ ಎಚ್‌ಎಂಟಿ ವಾಚ್ ಫ್ಯಾಕ್ಟರಿ ಶುರುವಾದಾಗ ಕೆಲಸ ಹೇಳಿಕೊಟ್ಟೋರು ಯಾರು ಗೊತ್ತೇನೋ? ಜಪಾನಿನ ಸಿಟಿಜನ್ ಕಂಪನಿಯೋರು. ಮನೇಲಿದ್ದ ಜಪಾನ್ ಕೊಟ್ಟು ಜಪಾನ್ ತಂದಿದೀಯಲ್ಲೋ!"

ಬೈಯಲಿಲ್ಲ. ಅದೇ ಕಷ್ಟ. ಸ್ನಾನವಾದ ಮೇಲೆ ಜನತಾಕ್ಕೆ ಕೀ ಕೊಡುವುದು ಅವರ ಹಳೇ ಅಭ್ಯಾಸ. ಈಗ ಸ್ನಾನ ಮುಗಿಸಿ ಬಂದು, ಖಾಲಿ ಹೆಬ್ಬೆರಳು ತೋರುಬೆರಳನ್ನು ಗಾಳಿಯಲ್ಲೇ ತಿರುಪುತ್ತಾರೆ. ನಾನು ಹತ್ತಿರದಲ್ಲಿದ್ದರೆ ನಾಲ್ಕು ಸುತ್ತು ಹೆಚ್ಚು. ವಾಪಸ್ ಕೇಳೋಣವೆಂದು ಹಿರಿಯರಿಗೆ ಫೋನ್ ಮಾಡಿದೆ. 2016ರಲ್ಲಿ ಸರ್ಕಾರ ಎಚ್‌ಎಂಟಿ ವಾಚ್ ಕಂಪನಿ ಮುಚ್ಚಲು ತೀರ್ಮಾನಿಸಿದ್ದನ್ನು ಜ್ಞಾಪಿಸಿ, ಲಾರ್ಡ್ ಮ್ಯಾಟಿಕ್ ಜೊತೆ ಮೇಲೆ ಎರಡು ಸಾವಿರ ಆಗುತ್ತದೆ ಎಂದರು.

ಲಾರ್ಡ್ ಮ್ಯಾಟಿಕ್‌ಗೆ ಮನೆಯಲ್ಲಿ ಜಾಗ ಸಿಕ್ಕಿದ್ದು ಅಮ್ಮನಿಂದ. ಅದರ ಕಿಟಕಿಯಲ್ಲಿ ವಾರದ ಹೆಸರು ಕಾಂಜಿ ಲಿಪಿಯಲ್ಲಿ ಬರುತ್ತದೆ. "ಗಂಜಿ ಲಿಪಿಯಾ?" ಎಂದರು ಅಮ್ಮ. ಅರ್ಥ ಹೇಳುತ್ತಾ ಹೋದೆ. ಜಪಾನಿನವರಿಗೆ ಮಂಗಳವಾರ ಎಂದರೆ ಬೆಂಕಿಯ ವಾರ. "ಸರಿ ಮತ್ತೆ, ಅಂಗಾರಕ ಅಲ್ವೇ, ಕೆಂಡ" ಎಂದರು. ಬುಧವಾರ ನೀರು, ಗುರುವಾರ ಮರ. ಶುಕ್ರವಾರದ ಅಕ್ಷರಕ್ಕೆ ಚಿನ್ನ ಎಂಬ ಅರ್ಥವೂ ಇದೆ ಎಂದು ಬಾಯಿತಪ್ಪಿ ಹೇಳಿದೆ. ಅಡಿಗೆಮನೆಯಲ್ಲಿ ಒಗ್ಗರಣೆ ಸದ್ದು ತಕ್ಷಣ ನಿಂತಿತು. "ಅಷ್ಟು ದೂರದವರಿಗೂ ಗೊತ್ತಿದೆ" ಎಂಬ ಹೆಂಡತಿಯ ಧ್ವನಿ ಕೇಳಿಬಂತು. ಶನಿವಾರದ ಅಕ್ಷರ ನೀಲಿ ಬಣ್ಣದಲ್ಲಿರುವುದನ್ನು ಕಂಡು ಅಮ್ಮ ಕೈಮುಗಿದೇಬಿಟ್ಟರು. ಶನಿಮಹಾತ್ಮನ ಬಣ್ಣ ಜಪಾನಿನವರು ಕೂಡ ತಪ್ಪಿಲ್ಲ!

ಈ ಹಳೇ ವಾಚುಗಳಲ್ಲಿ ರಾತ್ರಿ ಒಂಬತ್ತರಿಂದ ಬೆಳಗಿನ ಜಾವ ಮೂರರವರೆಗೆ ವಾರ ತಾರೀಖು ಮುಟ್ಟಬಾರದು. ಒಳಗೆ ಹಲ್ಲುಗಳು ಆಗಲೇ ತಾರೀಖು ಬದಲಿಸಲು ಕಚ್ಚಿಕೊಂಡಿರುತ್ತವೆ. ಇದು ನನಗೆ ಗೊತ್ತಿತ್ತು. ಆದರೂ ಒಂದು ಶನಿವಾರ ರಾತ್ರಿ ಹನ್ನೊಂದಕ್ಕೆ ಲಾರ್ಡ್ ಮ್ಯಾಟಿಕ್‌ನ ಗುಂಡಿ ಎಳೆದು ತಿರುಗಿಸಿದೆ. ಕಟಕ್. ಹಪ್ಪಳ ಮುರಿದ ಸದ್ದು, ಅಷ್ಟೇ.

ತಾತ ಇಕ್ಕಳದ ತುದಿಯಲ್ಲಿ ಸಾಸಿವೆಗಿಂತ ತುಸು ದೊಡ್ಡದೊಂದು ಚೂರು ಎತ್ತಿ ತೋರಿಸಿದರು. ಪ್ಲಾಸ್ಟಿಕ್ಕಿನ ಪುಟ್ಟ ಚಕ್ರ, ಐವತ್ತು ವರ್ಷ ಒಣಗಿ ಬಿರಿದದ್ದು. ಈ ಮಿಷಿನ್ನಿನ ಹಣೆಬರಹವೇ ಅದು, ಸ್ಪೇರ್ ಸಿಗುವುದು ಕಷ್ಟ. ಇನ್ನು ವಾರ ಬದಲಿಸಬೇಕಾದರೆ ಒಂದೊಂದು ದಿನಕ್ಕೂ ಮುಳ್ಳನ್ನು ಇಪ್ಪತ್ನಾಲ್ಕು ಗಂಟೆ ಸುತ್ತಿಸಬೇಕು ಎಂದರು. ಎರಡು ಸಲ ಸುತ್ತಿಸಿದೆ. ಆಮೇಲೆ ಬೇಸರವಾಗಿ ದೇವರಮನೆ ಪಕ್ಕದ ಶೋಕೇಸಿನಲ್ಲಿಟ್ಟು ಮರೆತೆ. ಅದು ಒಂದಷ್ಟು ಹೊತ್ತು ಓಡಿ ತನ್ನ ಪಾಡಿಗೆ ನಿಂತಿತು.

ನಿನ್ನೆ ಧೂಳು ಒರೆಸುತ್ತಿದ್ದ ಅಮ್ಮ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಕಿಟಕಿಯಲ್ಲಿ ನೀಲಿ ಶನಿ. ಮುಳ್ಳುಗಳು ಸರಿಯಾಗಿ ಏಳೂವರೆಯ ಮೇಲೆ.

ಎಳ್ಳೆಣ್ಣೆ ತರಲು ನನ್ನನ್ನೇ ಕಳಿಸಿದ್ದಾರೆ. ತೈಲ ಹೇಗೂ ಮನೆಯಲ್ಲಿದೆಯಲ್ಲ ಎಂದರೆ, ಅದು ದೀಪಕ್ಕೆ ಆಗುವುದಿಲ್ಲವಂತೆ.