ಪರ್ಮಿಷನ್ ಕೇಳಿದ್ದೇ ತಪ್ಪಾಯ್ತು

ಮಲ್ಲೇಶ್ವರದ ಒಂದು ಕ್ರಾಸಲ್ಲಿ ಹಳೇ ಹೆಂಚಿನ ಮನೆ ಮಾರಾಟ ಆಗಿ, ತಗೊಂಡವ್ರು ಅಲ್ಲಿ ಸ್ಟಿಲ್ಟ್ ಪ್ಲಸ್ ಫೋರ್ (ಕೆಳಗೆ ಕಂಬಗಳ ನಡುವೆ ಕಾರ್ ಜಾಗ, ಮೇಲೆ ನಾಲ್ಕು ಮಹಡಿ) ಎತ್ತೋಕೆ ಪ್ಲಾನ್ ಸ್ಯಾಂಕ್ಷನ್‌ಗೆ ಹಾಕಿದಾರೆ ಅಂತ ಸುದ್ದಿ ಹಬ್ಬಿದ್ದೇ ತಡ, ಇಡೀ ಬೀದಿಗೆ ಪರಂಪರೆ ನೆನಪಾಗ್ಬಿಡ್ತು. ಭಾನುವಾರ ಪಾರ್ಕಲ್ಲಿ ತುರ್ತು ಸಭೆ, ಮೈಕು ಬೇರೆ.

ಮೊದ್ಲು ಎದ್ದವ್ರು ರಿಟೈರ್ಡ್ ಇಂಜಿನಿಯರ್ರು. "1898ರ ಪ್ಲೇಗ್ ಆದ್ಮೇಲೆ ಜನಕ್ಕೆ ಒಳ್ಳೇ ಗಾಳಿ ಬೆಳಕು ಸಿಗ್ಲಿ ಅಂತ್ಲೇ ಮಾಡಿದ ಬಡಾವಣೆ ಸ್ವಾಮಿ ಇದು!" ಚಪ್ಪಾಳೆ. ಮಾತು ನಿಜಾನೇ. ಆದ್ರೆ ಇವ್ರ ಮನೆ ಸುತ್ತ ರೂಲ್ಸ್ ಪ್ರಕಾರ ಖಾಲಿ ಬಿಡ್ಬೇಕಾದ ಸೆಟ್‌ಬ್ಯಾಕಲ್ಲಿ ಒಂದು ಔಟ್‌ಹೌಸು, ಅದ್ರ ಮೇಲೊಂದು ಶೀಟ್ ರೂಮು ಎದ್ದು, ಪಕ್ಕದ್ಮನೆಯವ್ರು ಕಿಟಕಿಯಿಂದ ಕೈ ಚಾಚಿದ್ರೆ ಇವ್ರ ಒಗ್ಗರಣೆ ಡಬ್ಬಿ ಸಿಗುತ್ತೆ, ಪ್ಲೇಗಿನ ಕಾಲದ ಗಾಳಿ ಅಲ್ಲಿ ಎಲ್ಲಿ ನುಗ್ಗುತ್ತೋ ಆ ದೇವ್ರಿಗೇ ಗೊತ್ತು.

ಆಮೇಲೆ ನೀರಿನ ವಿಷಯ. ಕಾವೇರಿ ನೀರು ಬರೋದೇ ದಿನ ಬಿಟ್ಟು ದಿನ, ಇನ್ನು ಎಂಟು ಫ್ಲಾಟ್ ಬಂದ್ರೆ ನಮ್ಮ ಸಂಪ್ ಗತಿ ಏನು ಅಂತ ಒಬ್ಬ ಮೇಡಮ್ ಕಣ್ಣಲ್ಲಿ ನೀರು ಹಾಕ್ಕೊಂಡ್ರು. ಇವ್ರು ಎರಡು ಮಹಡಿಗೆ ಪ್ಲಾನ್ ತಗೊಂಡು ನಾಲ್ಕು ಕಟ್ಟಿ ಪಿಜಿ ನಡೆಸ್ತಿದಾರೆ, ಒಂದು ರೂಮಿಗೆ ನಾಲ್ಕು ಮಂಚ. ಪಾಪ, ಟ್ಯಾಂಕರ್ ಬಿಲ್ ನೋಡಿ ನೋಡಿ ಅವ್ರಿಗೆ ನೀರಿನ ಬೆಲೆ ಚೆನ್ನಾಗೇ ಗೊತ್ತು.

ಪಾರ್ಕಿಂಗ್ ಬಗ್ಗೆ ಗುಡುಗಿದವ್ರ ಮೂರು ಕಾರೂ ರೋಡಲ್ಲೇ ಮಲಗೋದು, ಫುಟ್‌ಪಾತ್ ಮೇಲೆ ಅವ್ರದೇ ರಾಂಪು, ಅವ್ರದೇ ಹೂಕುಂಡ, ಅವ್ರೇ ಬರೆಸಿದ ನೋ ಪಾರ್ಕಿಂಗ್ ಬೋರ್ಡು.

ಬಿಲ್ಡರ್ ಕಡೆ ಹುಡುಗ ಒಬ್ಬ ಪ್ಲಾನ್ ಸುರುಳಿ ಹಿಡ್ಕೊಂಡು ಬಂದಿದ್ದ. "ಸಾರ್, ಕಾರೆಲ್ಲ ಸ್ಟಿಲ್ಟಲ್ಲೇ ನಿಲ್ಲುತ್ತೆ, ಮಳೆ ನೀರು ಕೊಯ್ಲು ಇದೆ, ಸುತ್ತ ಸೆಟ್‌ಬ್ಯಾಕ್ ಬಿಟ್ಟಿದೀವಿ..." ಸೆಟ್‌ಬ್ಯಾಕ್ ಅಂದ ತಕ್ಷಣ ಎಲ್ರೂ ಅವ್ನನ್ನ ಏನೋ ಕೆಟ್ಟ ಮಾತಾಡಿದ್ನೇನೋ ಅನ್ನೋ ಥರ ನೋಡಿದ್ರು.

ಮಧ್ಯ ಯಾರೋ ಅಕ್ರಮ ಸಕ್ರಮ ಏನಾಯ್ತು ಅಂತ ಮೆಲ್ಲಗೆ ಕೇಳಿದ್ರು. ಮನೆಗಳಾದ್ರೆ ಶೇಕಡ 50ರವರೆಗೆ ರೂಲ್ಸ್ ಮೀರಿದ್ರೂ ದಂಡ ಕಟ್ಟಿ ಪವಿತ್ರ ಆಗ್ಬೋದಿತ್ತಲ್ಲ, ಅದೇ ಸ್ಕೀಮು. 2017ರಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಡ್ತು. ಸಭೆಯಲ್ಲಿ ನಿಜವಾದ ದುಃಖ ಕಾಣಿಸಿದ್ದು ಆಗ್ಲೇ. ಅದು ಸಾಲ್ದು ಅಂತ 2024ರ ಡಿಸೆಂಬರಲ್ಲಿ ಅದೇ ಕೋರ್ಟು ಒಸಿ (ಪ್ಲಾನ್ ಪ್ರಕಾರ ಕಟ್ಟಿದೆ, ವಾಸ ಮಾಡ್ಬೋದು ಅನ್ನೋ ಸರ್ಟಿಫಿಕೇಟು) ತೋರಿಸಿದ್ಮೇಲೇ ಕರೆಂಟು, ನೀರು ಕೊಡಿ ಅಂದಿದೆ, ಆ ವಿಷಯ ಯಾರೂ ಎತ್ಲಿಲ್ಲ, ಎತ್ತೋದೂ ಬೇಡ, ಬೀದಿಗೆ ಬೀದಿನೇ ಕತ್ತಲಾಗುತ್ತೆ.

ಕೊನೆಗೆ ಅರ್ಜಿ. ಯಾವ ಪಾಲಿಕೆಗೆ ಅಂತ ಅರ್ಧ ಗಂಟೆ ಗಲಾಟೆ, ಬಿಬಿಎಂಪಿ ಹೋಗಿ 2025ರಲ್ಲಿ ಐದಾಗಿದ್ಯಲ್ಲ. "ಅಧಿಕಾರಿಗಳು ಖುದ್ದಾಗಿ ಬಂದು ಸ್ಥಳ ಪರಿಶೀಲನೆ ಮಾಡಬೇಕು" ಅಂತ ಬರೆದಾಯ್ತು. ಆಗ ಪಿಜಿ ಮೇಡಮ್, "ಟೇಪ್ ಹಿಡ್ಕೊಂಡು ಬಂದವ್ರು ಬರೀ ಆ ಸೈಟ್ ಅಳೆದು ಹೋಗ್ತಾರೆ ಅಲ್ವಾ?" ಅಂದ್ರು. ಒಬ್ರೂ ಉಸಿರೆತ್ತಲಿಲ್ಲ. ಆ ಸಾಲು ಹೊಡೆದು ಹಾಕಿ "ನಿವಾಸಿಗಳ ಭಾವನೆಗೆ ಧಕ್ಕೆ" ಅಂತ ಸೇರಿಸಿದ್ರು, ಸರ್ವಾನುಮತ.

ಹೊರಡುವಾಗ ಇಂಜಿನಿಯರ್ರು ಆ ಹುಡುಗನ ಹೆಗಲ ಮೇಲೆ ಕೈ ಹಾಕಿ, "ನೀನೂ ಸರಿ ಕಣಪ್ಪಾ, ಎರಡು ಮಹಡಿಗೆ ಪ್ಲಾನ್ ತಗೊಂಡು ಸುಮ್ನೆ ಐದು ಎತ್ತಿದ್ರೆ ಯಾರು ಕೇಳ್ತಿದ್ರು ಹೇಳು?" ಅಂದ್ರು.