ಡಾಂಬರಿಗೂ ಜೆಸಿಬಿಗೂ ಏನು ನಂಟು?

ಹೆಸರಘಟ್ಟದಲ್ಲಿ ಕ್ವಾಂಟಮ್ ಸಿಟಿ, ಅಂದರೆ ಅತಿ ಸಣ್ಣ ಕಣಗಳ ವಿಜ್ಞಾನಕ್ಕೇ ಒಂದು ಊರು, ಬರುತ್ತದಂತೆ. 6.17 ಎಕರೆ ಜಾಗ, ಜೊತೆಗೆ 1,000 ಕೋಟಿಯ ಮಿಷನ್. ಬರಲಿ, ಸಂತೋಷ. ಆದರೆ ಸುಮ್ನೆ ಅಷ್ಟು ದೂರ ಯಾಕೆ? ನಮ್ಮ ಅಡ್ಡರಸ್ತೆಯಲ್ಲಿ ಆ ಪ್ರಯೋಗ ಮುಗಿದು ಎಷ್ಟೋ ವರ್ಷವಾಯಿತು.

ಭಾನುವಾರ ಡಾಂಬರು ಹಾಕಿದರು. ಮಂಗಳವಾರ ನೀರಿನವರು ಅಗೆದರು. ಮುಚ್ಚಿದ ಮಣ್ಣು ಕೂರುವ ಮೊದಲೇ ಕೇಬಲ್‌ನವರು ಹಾಜರು. ಇವರು ಅವರಿಗೆ ಫೋನ್ ಮಾಡಿಲ್ಲ, ಅವರು ಇವರಿಗೆ ಕಾಗದ ಬರೆದಿಲ್ಲ. ಆದರೂ ಡಾಂಬರು ಬಿದ್ದ ಸುದ್ದಿ ಜೆಸಿಬಿಗೆ ತಲುಪಿದ್ದು ಹೇಗೆ? ಎಷ್ಟು ದೂರವಿದ್ದರೂ ಎರಡು ಕಣಗಳು ಒಂದಕ್ಕೊಂದು ಹೆಣೆದುಕೊಂಡಿರುವ ನಂಟಿಗೆ ವಿಜ್ಞಾನಿಗಳು ಎಂಟ್ಯಾಂಗಲ್‌ಮೆಂಟ್ ಅನ್ನುತ್ತಾರೆ. ಅದು ಇದೇ ಅಲ್ವಾ!

ಭೌತವಿಜ್ಞಾನಿಗಳ ಒಂದು ಆಟವಿದೆ. ಇಬ್ಬರನ್ನು ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ ಪ್ರಶ್ನೆ ಕೇಳುತ್ತಾರೆ. ಮಾತಾಡುವಂತಿಲ್ಲ, ಉತ್ತರ ಮಾತ್ರ ನಿಯಮದಂತೆ ತಾಳೆಯಾಗಬೇಕು. ಮೊದಲೇ ಏನೇ ಒಪ್ಪಂದ ಮಾಡಿಕೊಂಡು ಬಂದರೂ ಸರಾಸರಿ ನೂರಕ್ಕೆ 75 ಸಲ ಗೆಲ್ಲಬಹುದು, ಅಷ್ಟೇ. ಹೆಣೆದುಕೊಂಡ ಕಣಗಳನ್ನು ಹಂಚಿಕೊಟ್ಟರೆ ಸುಮಾರು 85. ಕ್ವಾಂಟಮ್ ನಿಯಮ ಅದರಾಚೆ ಬಿಡುವುದಿಲ್ಲ. ನಮ್ಮ ಬೀದಿಯಲ್ಲಿ ನೂರಕ್ಕೆ ನೂರು. ಇಂಥ ಕಣಗಳ ಪ್ರಯೋಗಕ್ಕೆ 2022ರಲ್ಲಿ ಮೂವರಿಗೆ ನೊಬೆಲ್ ಬಂತು. ನಮ್ಮ ಕಂಟ್ರಾಕ್ಟರನ್ನು ಯಾರೂ ವಿಚಾರಿಸಲಿಲ್ಲ.

ನನಗೆ ಜಾಸ್ತಿ ಹಿಡಿಸಿದ್ದು ಇನ್ನೊಂದು ಲೆಕ್ಕ. ಇಬ್ಬರಿಗೂ ಬಿಡುವಿರುವ ಒಂದು ದಿನ ಹುಡುಕಬೇಕು. 10,000 ದಿನಗಳ ಡೈರಿಯಾದರೆ ಹೆಚ್ಚುಕಡಿಮೆ ಅದನ್ನೆಲ್ಲ ಒಬ್ಬರು ಇನ್ನೊಬ್ಬರಿಗೆ ಓದಿ ಹೇಳಬೇಕು. ಎಂಟ್ಯಾಂಗಲ್‌ಮೆಂಟ್ ಇದ್ದರೆ ಮಾತು ವರ್ಗಮೂಲಕ್ಕೆ, ಅಂದರೆ ನೂರರ ಲೆಕ್ಕಕ್ಕೆ ಇಳಿಯುತ್ತದೆ. ಸೊನ್ನೆಗಲ್ಲ, ಗಮನಿಸಿ. ಬರೀ ಕಣ ಹೆಣೆದು ಒಂದು ಸುದ್ದಿಯನ್ನೂ ಕಳಿಸಲಾಗದು. ಅಷ್ಟಿಷ್ಟು ಮಾತಾಡಲೇಬೇಕು. 1997ರಲ್ಲಿ ಕ್ಲೀವ್ ಮತ್ತು ಬುರ್‌ಮನ್ ಎಂಬ ವಿಜ್ಞಾನಿಗಳು, ಮೂವರ ನಡುವೆ 3 ಬಿಟ್ (ಒಂದು ಬಿಟ್ ಅಂದರೆ ಒಂದು ಹೌದು-ಇಲ್ಲದಷ್ಟು ಸುದ್ದಿ) ಬೇಕಿದ್ದ ಕೆಲಸಕ್ಕೆ ಹೆಣೆದ ಕಣಗಳಿದ್ದರೆ 2 ಸಾಕು ಎಂದು ತೋರಿಸಿದರು. ಒಂದೇ ಒಂದು ಬಿಟ್ ಉಳಿಸಿ ಪ್ರಬಂಧ ಬರೆದರು, ಪಾಪ. ನಮ್ಮವರು ಮೂರನ್ನೂ ಉಳಿಸಿದ್ದಾರೆ.

ಹೋದ ವಾರ ಪಕ್ಕದ ಮನೆಯ ಯಜಮಾನರು ಬೆಳಗ್ಗೆ ಹಾಲು ತರಲು ಹೋಗಿ ಆ ಗುಂಡಿಗೆ ಬಿದ್ದರು. ಕಾಲು ಮುರಿದಿದೆ. ನಾನು ಮೂರು ಆಫೀಸು ಸುತ್ತಿದೆ. ಬೇರೆ ಬೇರೆ ಕೋಣೆ, ಒಂದೇ ಉತ್ತರ, ಒಂದಕ್ಷರ ಆಚೀಚೆ ಇಲ್ಲ: "ಅದು ನಮಗೆ ಬರಲ್ಲ ಸಾರ್, ಅವರನ್ನ ಕೇಳಿ."

ಅಗೆಯುವ ಮೊದಲು ಒಬ್ಬರಿಗೊಬ್ಬರು ಒಂದು ಫೋನ್ ಮಾಡ್ಕೊಳ್ರಪ್ಪ ಅಂದೆ. ಅದಕ್ಕೆ ಕಣವೂ ಬೇಡ, ಕೋಟಿಯೂ ಬೇಡ. ಎಪ್ಪತ್ತು ದಾಟಿದ ಮನುಷ್ಯ ಮಂಚ ಹಿಡಿದಿದ್ದಾರೆ. ಒಂದು ಫೋನು, ಅಷ್ಟೂ ಆಗಲ್ವಾ ನಿಮಗೆ?

ಗುಂಡಿ ಹಾಗೇ ಇದೆ. ನಿನ್ನೆ ಗ್ಯಾಸಿನವರು ಬಂದು ಅದರ ಪಕ್ಕದಲ್ಲೇ ಸುಣ್ಣದ ಗೆರೆ ಎಳೆದು ಹೋದರು.